ಮ್ಯಾಮೋಗ್ರಾಂ ಕವರು ಕೈಗೆ ಬಂದ ಮೇಲೆ

ಉಡುಪಿಯಲ್ಲಿ ರವಿಕೆ ಹೊಲಿಯಲು ಕೂತು ನನಗೆ ಇಪ್ಪತ್ತಾರು ವರ್ಷ ಆಯಿತು. ಕಲ್ಸಂಕದ ಹತ್ತಿರ ಸಣ್ಣ ಅಂಗಡಿ. ಎರಡು ಮಿಷನ್ನು, ಒಂದು ಕನ್ನಡಿ, ಒಂದು ಪರದೆ, ಮತ್ತೆ ಗಿರಾಕಿಗಳ ಅಳತೆ ಬರೆದಿಡುವ ಉದ್ದ ಪುಸ್ತಕ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಆದರೆ ಈ ಊರಿನ ಎಷ್ಟೋ ಹೆಂಗಸರ ಎದೆಯ ಅಳತೆ ಅವರಿಗಿಂತ ನನಗೆ ಸರಿಯಾಗಿ ಗೊತ್ತುಂಟು.

2018ರಲ್ಲಿ ನಮ್ಮ ಹಳೇ ಗಿರಾಕಿ ಒಬ್ಬರು, ರಿಟೈರ್ ಆದ ಟೀಚರು, ಹೊಸ ರವಿಕೆ ವಾಪಸ್ ತಂದರು. "ಎಡಗಡೆ ಬಿಗಿ ಮಾರಾಯ್ತಿ, ಈಗ ನಿನ್ನ ಗಮನ ಎಲ್ಲಿರ್ತದೆ?" ಅಂತ ಬೈದರು. ನಾನು ಪುಸ್ತಕದಲ್ಲಿದ್ದ ಅಳತೆಗೇ ಕತ್ತರಿಸಿದ್ದೆ. ಆದರೂ ಎದುರು ಮಾತಾಡದೆ ಎಡಗಡೆಯ ಟಕ್ಸ್ ಬಿಚ್ಚಿ, ಅರ್ಧ ಇಂಚು ಸಡಿಲ ಮಾಡಿ ಕೊಟ್ಟೆ. ಐದು ತಿಂಗಳ ಮೇಲೆ ಅವರ ಮಗಳು ಬಂದು ಅಮ್ಮನಿಗೆ ಎದೆಯ ಆಪರೇಷನ್ ಆಯಿತು ಅಂದಳು. ಈಗ ಯಾರಾದರೂ ಒಂದು ಬದಿ ಮಾತ್ರ ಬಿಗಿ ಅಂದರೆ ನಾನು ಕತ್ತರಿ ಮುಟ್ಟುವುದಿಲ್ಲ. ಪರದೆ ಎಳೆದು ಕೇಳುತ್ತೇನೆ: ಎಷ್ಟು ದಿವಸದಿಂದ ಅಕ್ಕ? ಮುಟ್ಟಿ ನೋಡಿದ್ದೀರಾ?

ಆ ಹೆದರಿಕೆಯಲ್ಲಿ 2019ರ ಅಕ್ಟೋಬರಿನಲ್ಲಿ ನಾನೂ ಮ್ಯಾಮೋಗ್ರಾಂ ಮಾಡಿಸಿದೆ, ಅಂದರೆ ಎದೆಯನ್ನು ಎರಡು ಪ್ಲೇಟಿನ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಆಗ ನನಗೆ 46. ಅಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಆಮೇಲೆ ಹೇಳುತ್ತೇನೆ. ನನ್ನದಾದ ಮೇಲೆ ಗಿರಾಕಿಗಳು, ನೆಂಟರು ಅಂತ ಹನ್ನೊಂದು ಮಂದಿಯ ಜೊತೆ ಮಣಿಪಾಲ, ಮಂಗಳೂರು ಅಂತ ತಿರುಗಿದ್ದೇನೆ, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ. ಕೂತು ಕಂಡದ್ದು ಇಷ್ಟೇ: ಯಂತ್ರದ ಎದುರು ನಿಲ್ಲಲು ನಮ್ಮ ಹೆಂಗಸರು ಹೇಗೋ ಧೈರ್ಯ ಮಾಡುತ್ತಾರೆ. ರಿಪೋರ್ಟಿನ ಕವರು ಕೈಗೆ ಬಂದ ಮೇಲೆ ಅದನ್ನು ಸೀರೆ ಮಡಿಕೆಯ ಅಡಿಯಲ್ಲಿ ಇಟ್ಟುಬಿಡುತ್ತಾರೆ. ಈ ಬರಹದ ಮುಕ್ಕಾಲು ಪಾಲು ಆ ಕವರಿನ ಬಗ್ಗೆ.

ಯಾರು, ಯಾವಾಗ

ಎಂತದೂ ತೊಂದರೆ ಇಲ್ಲದವರು ಸುಮ್ಮನೆ ನೋಡಿಸಿಕೊಳ್ಳುವುದು ಸ್ಕ್ರೀನಿಂಗ್. ಕೈಗೆ ಗಂಟು ಸಿಗುತ್ತದೆ, ಮೊಲೆತೊಟ್ಟು ಹೊಸದಾಗಿ ಒಳಗೆ ಸರಿದಿದೆ, ತೊಟ್ಟಿನಿಂದ ರಕ್ತದ ಹಾಗೆ ಒಸರುತ್ತದೆ, ತೊಟ್ಟಿನ ಮೇಲೆ ಒಣಗದ ಹುಣ್ಣು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪ, ಕಂಕುಳಲ್ಲಿ ಗಡ್ಡೆ ಅಂತಾದರೆ ಅದು ಸ್ಕ್ರೀನಿಂಗಿನ ಮಾತಲ್ಲ. ಮುಂದಿನ ಉಚಿತ ಕ್ಯಾಂಪಿಗೆ ಕಾಯಬೇಡಿ, ಅದೇ ವಾರ ಡಾಕ್ಟರರಿಗೆ ತೋರಿಸಿ. "ನೋವೇ ಇಲ್ಲ, ಹಾಗಾಗಿ ಸುಮ್ಮನಿದ್ದೆ" ಅನ್ನುವ ಮಾತು ನನ್ನ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಇನ್ನೊಂದು, ಗಂಟು ಕೈಗೆ ಸಿಗುತ್ತಿದ್ದೂ ಮ್ಯಾಮೋಗ್ರಾಂ ನಾರ್ಮಲ್ ಬಂದರೆ ಅಲ್ಲಿಗೆ ಮುಗಿಯಿತು ಅಂತಲ್ಲ. ಸುಮಾರು ಎಂಟು ಕ್ಯಾನ್ಸರಿನಲ್ಲಿ ಒಂದು ಮ್ಯಾಮೋಗ್ರಾಮಿಗೆ ಕಾಣದೆ ಉಳಿಯುತ್ತದೆ.

ನಮ್ಮಲ್ಲಿ ಎಲ್ಲ ಹೆಂಗಸರನ್ನೂ ಕರೆದು ಮ್ಯಾಮೋಗ್ರಾಂ ಮಾಡಿಸುವ ಸರ್ಕಾರಿ ಏರ್ಪಾಡು ಇಲ್ಲ. ಇರುವುದು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ, ಊರಿನ ಆರೋಗ್ಯ ಉಪಕೇಂದ್ರದಲ್ಲಿ, ಪುಕ್ಕಟೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ಹೇಳುತ್ತಾರೆ. ಪುಕ್ಕಟೆ ಅಂತ ಅದನ್ನು ಸಸಾರ ಮಾಡಬೇಡಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ ನೋಡಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಲ್ಲಿ ಪರೀಕ್ಷೆ ಮಾಡಿದ್ದು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಇಳಿಯಿತು ಅಂತ 2021ರಲ್ಲಿ ಪ್ರಕಟಿಸಿದರು. 50ಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು.

ಮ್ಯಾಮೋಗ್ರಾಂ ಮಾಡಿಸುವ ಅನುಕೂಲ ಇದ್ದರೆ 40ರ ನಂತರ. ಅಮೆರಿಕದ ತಜ್ಞರ ಸಮಿತಿ ಮೊದಲು ಎಲ್ಲರಿಗೂ 50ರಿಂದ ಅನ್ನುತ್ತಿತ್ತು, 2024ರಲ್ಲಿ ಅದನ್ನು ತಿದ್ದಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅಂದಿತು. ಅಮ್ಮನಿಗೋ ಒಡಹುಟ್ಟಿದ ಅಕ್ಕ ತಂಗಿಯರಿಗೋ ಬಂದಿದ್ದರೆ ಲೆಕ್ಕ ಬೇರೆ. ಅವರಿಗೆ ಯಾವ ಪ್ರಾಯದಲ್ಲಿ ಬಂತೋ ಅದಕ್ಕಿಂತ ಹತ್ತು ವರ್ಷ ಮೊದಲು ಶುರು ಮಾಡುವುದು ಸಾಮಾನ್ಯ ಕ್ರಮ. 30ರ ಕೆಳಗಿನವರಿಗೆ ಗಂಟು ಕಂಡರೆ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ.

ಹೋಗುವ ದಿನ

ಮುಟ್ಟು ನಿಲ್ಲದವರು ಮುಟ್ಟು ಮುಗಿದ ವಾರದಲ್ಲಿ ದಿನ ಹಾಕಿಸಿಕೊಳ್ಳಿ. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದುಕೊಂಡಿರುತ್ತದೆ, ಪ್ಲೇಟಿನ ನಡುವೆ ಇಟ್ಟರೆ ಜೀವ ಹೋದ ಹಾಗೆ ಆಗುತ್ತದೆ. ಖಾಲಿ ಹೊಟ್ಟೆ ಬೇಡ, ಬನ್ಸ್ ತಿಂದು ಚಾ ಕುಡಿದೇ ಹೋಗಿ.

ಪೌಡರ್ ಹಾಕಬೇಡಿ. ನಮ್ಮ ಕರಾವಳಿಯ ಸೆಕೆಗೆ ಕಂಕುಳಿಗೆ, ಎದೆಯ ಅಡಿಗೆ ಪೌಡರ್ ಸುರಿಯುವುದು ಅಭ್ಯಾಸ. ಅದರಲ್ಲೂ ಬೆವರುಸಾಲೆಯ ಪೌಡರು. ಅದರ ಕಣಗಳು ಫಿಲ್ಮಿನಲ್ಲಿ ಬಿಳಿ ಚುಕ್ಕಿಗಳಾಗಿ ಬೀಳಬಹುದು. ಡಾಕ್ಟರು ಹುಡುಕುವುದೂ ಬಿಳಿ ಚುಕ್ಕಿಗಳನ್ನೇ. ಸೆಂಟು, ಡಿಯೋಡರೆಂಟು, ಮುಲಾಮು ಯಾವುದೂ ಬೇಡ. ಬಸ್ಸಿನಲ್ಲಿ ಬೆವರಿ ಹೋದರೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಆಯಿತು.

ಬಟ್ಟೆ ಎರಡು ತುಂಡಿನದ್ದು ಇರಲಿ: ಸೀರೆ ರವಿಕೆ, ಇಲ್ಲದಿದ್ದರೆ ಚೂಡಿದಾರ. ನೈಟಿಯ ಮೇಲೆ ಶಾಲು ಹೊದ್ದು ಬಂದವರು ಪೂರ್ತಿ ಬಿಚ್ಚಿ ಎಸಿಯಲ್ಲಿ ನಡುಗಿಕೊಂಡು ನಿಲ್ಲಬೇಕಾಗುತ್ತದೆ. ಬೆನ್ನಿಗೆ ಹುಕ್ಕು, ಬೆನ್ನಿಗೆ ಡೋರಿ ಇರುವ ರವಿಕೆ ನಾನೇ ಹೊಲಿದು ಕೊಟ್ಟದ್ದಾದರೂ ಆ ದಿನ ಹಾಕಬೇಡಿ.

ಕರಿಮಣಿಯ ವಿಷಯದಲ್ಲಿ ಸುಮಾರು ಜನ ಹಿಂದೆ ಮುಂದೆ ನೋಡುತ್ತಾರೆ. ಓರೆಯಾಗಿ ನಿಲ್ಲಿಸಿ ತೆಗೆಯುವ ಚಿತ್ರದಲ್ಲಿ ಸರ ಅಡ್ಡ ಬಂದರೆ ಮತ್ತೊಮ್ಮೆ ತೆಗೆಯಬೇಕು, ಮತ್ತೊಮ್ಮೆ ಒತ್ತಬೇಕು. ನಾನು ಮಾಡಿಸುವ ಉಪಾಯ ಹೀಗೆ: ಕುತ್ತಿಗೆಯಿಂದ ತೆಗೆದು ಎರಡು ಸುತ್ತು ಮಾಡಿ ಮಣಿಕಟ್ಟಿಗೆ ಹಾಕಿಕೊಳ್ಳುವುದು. ಮೈಮೇಲೆಯೇ ಇದ್ದ ಹಾಗೂ ಆಯಿತು, ಚಿತ್ರಕ್ಕೆ ಅಡ್ಡಿಯೂ ಇಲ್ಲ. ಅರುವತ್ತೆಂಟು ವರ್ಷದ ಒಬ್ಬರು ಮಾಮಿ ಇದಕ್ಕೆ ಒಪ್ಪಿದ ಮೇಲೆ ಉಳಿದವರಿಗೆ ಹೇಳುವುದು ಸುಲಭವಾಯಿತು. ಚಿತ್ರ ತೆಗೆಯುವವರು ಹೆಂಗಸರೇ ಬೇಕು ಅಂತಿದ್ದರೆ ದಿನ ಹಾಕಿಸುವಾಗಲೇ ಫೋನಿನಲ್ಲಿ ಕೇಳಿ, ನಾಚಿಕೆ ಎಂತದಕ್ಕೆ?

ಒಂದೊಂದು ಎದೆಗೆ ಎರಡು ಚಿತ್ರ, ಮೇಲಿನಿಂದ ಒಂದು, ಓರೆಯಾಗಿ ಒಂದು. ಒಟ್ಟು ನಾಲ್ಕು. ಒತ್ತುವುದು ಸತಾಯಿಸಲಿಕ್ಕಲ್ಲ. ಮುದುಡಿದ ಬಟ್ಟೆಯಲ್ಲಿ ಕಲೆ ಕಾಣುವುದಿಲ್ಲ, ಹರಡಿ ಚಪ್ಪಟೆ ಮಾಡಿದರೆ ಕಾಣುತ್ತದೆ, ಹಾಗೆ. ನೋವು ಕೆಲವು ಸೆಕೆಂಡು. ವಿಕಿರಣದ ಹೆದರಿಕೆ ಇರುವವರಿಗೆ: ನಾವು ಮನೆಯಲ್ಲಿ ಸುಮ್ಮನೆ ಕೂತರೂ ಮಣ್ಣಿನಿಂದ, ಆಕಾಶದಿಂದ ಏಳೆಂಟು ವಾರದಲ್ಲಿ ಮೈಗೆ ಬೀಳುವಷ್ಟೇ ಇದರಲ್ಲಿ ಇರುವುದು.

ಹಳೇ ಫಿಲ್ಮು, ಸಿಡಿ ಇದ್ದರೆ ಕಡ್ಡಾಯ ಒಯ್ಯಿರಿ. ಈ ಸಲ ಸಂಶಯ ಹುಟ್ಟಿಸುವ ಚುಕ್ಕಿ ಮೂರು ವರ್ಷದ ಹಿಂದೆಯೂ ಹಾಗೆಯೇ ಇತ್ತು ಅಂತ ಗೊತ್ತಾದರೆ ಎಷ್ಟೋ ಸಲ ಸೂಜಿ ಹಾಕಿ ತೆಗೆದು ನೋಡುವ ಪರೀಕ್ಷೆಯೇ ಬೇಡವಾಗುತ್ತದೆ. ಹಾಗಂತ ಫಿಲ್ಮುಗಳನ್ನು ಮಂಚದಡಿ ಇಡಬೇಡಿ. ಆಟಿ ತಿಂಗಳ ಮಳೆಯ ಥಂಡಿಗೆ ನನ್ನ ಮೊದಲ ಫಿಲ್ಮುಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಪದರ ಎದ್ದು ಬಂತು. ಫಿಲ್ಮಿನ ನಡುವೆ ಒಂದೊಂದು ಬಿಳಿ ಹಾಳೆ ಹಾಕಿ, ಕಪಾಟಿನ ಮೇಲಿನ ಅರೆಯಲ್ಲಿ ನೇರ ನಿಲ್ಲಿಸಿ.

ಕವರು ಬಿಚ್ಚಿ ಓದುವುದು

ರಿಪೋರ್ಟು ಇಂಗ್ಲಿಷಿನಲ್ಲಿ ಇರುತ್ತದೆ, ಆದರೆ ಅದರಲ್ಲಿ ನಿಮಗೆ ಬೇಕಾದ್ದು ನಾಲ್ಕು ಸಂಗತಿ ಮಾತ್ರ. ನಾನು ರವಿಕೆಯ ಪ್ಯಾಟರ್ನ್ ಬರೆಯುವ ಖಾಕಿ ಕಾಗದದಲ್ಲಿ ಎರಡು ವೃತ್ತ ಎಳೆಯುತ್ತೇನೆ, ಬಲ ಒಂದು, ಎಡ ಒಂದು. ಪ್ರತಿಯೊಂದಕ್ಕೂ ಗಡಿಯಾರದ ಹಾಗೆ 12 ಅಂಕೆ. ರಿಪೋರ್ಟಿನಲ್ಲಿ "ಎಡ, 2 ಓಕ್ಲಾಕ್, ತೊಟ್ಟಿನಿಂದ 4 ಸೆಂಟಿಮೀಟರ್" ಅಂತಿದ್ದರೆ ಅಲ್ಲಿ ಒಂದು ಚಾಕಿನ ಗುರುತು. ನೆನಪಿಡಿ, ಗಡಿಯಾರವನ್ನು ನಿಮ್ಮ ಎದುರು ನಿಂತವರು ನೋಡುವ ಹಾಗೆ ಓದಬೇಕು. ಹಾಗಾಗಿ ಎಡ ಎದೆಯ 2 ಗಂಟೆ ಅಂದರೆ ಕಂಕುಳಿನ ಕಡೆಗೆ, ಬಲ ಎದೆಯ 2 ಗಂಟೆ ಅಂದರೆ ನಡು ಎದೆಯ ಕಡೆಗೆ. ಆ ಕಾಗದ ಮಡಚಿ ಫೈಲಿನಲ್ಲಿ ಇಟ್ಟರೆ ಆಮೇಲಿನ ಸ್ಕ್ಯಾನಿಂಗ್, ಸೂಜಿ, ಆಪರೇಷನ್ ಎಲ್ಲವೂ ಅದೇ ಜಾಗದ್ದಾ ಅಂತ ನೀವೇ ಹೋಲಿಸಬಹುದು. ಬಲ ಎಡ ಅದಲು ಬದಲಾಗಿ ಟೈಪಾದ ರಿಪೋರ್ಟನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಹಿಡಿದು ತೋರಿಸಿದ ಮೇಲೆ ತಿದ್ದಿ ಕೊಟ್ಟರು.

ಎರಡನೆಯದು, ಕಂಡದ್ದು ಎಂತದು. "ಮಾಸ್" ಅಂದರೆ ಗಂಟು. ಅಂಚು ಸ್ವಚ್ಛ, ಆಕಾರ ಉರುಟು ಅಥವಾ ಮೊಟ್ಟೆಯ ಹಾಗೆ ಇದ್ದರೆ ಹೆದರಿಕೆ ಕಡಿಮೆ. "ಸ್ಪಿಕ್ಯುಲೇಟೆಡ್" ಅಂತಿದ್ದರೆ ಅಂಚಿನಿಂದ ನೂಲಿನ ಎಳೆಗಳು ಸುತ್ತಲೂ ಹೊರಟ ಹಾಗೆ, ಅದು ಸಂಶಯದ್ದು. "ಕ್ಯಾಲ್ಸಿಫಿಕೇಶನ್" ಅಂದರೆ ಸುಣ್ಣದ ಕಣ. ಇದಕ್ಕೂ ನೀವು ತಿನ್ನುವ ಕ್ಯಾಲ್ಸಿಯಂ ಮಾತ್ರೆಗೂ, ವೀಳ್ಯದ ಸುಣ್ಣಕ್ಕೂ ಸಂಬಂಧ ಇಲ್ಲ. ದೊಡ್ಡ ದೊಡ್ಡ, ಪಾಪ್‌ಕಾರ್ನಿನ ಹಾಗಿನ ಕಣಗಳು ಹಳೇ ಸಾದಾ ಗಂಟಿನವು. ಮಿಷನಿನ ಅಡಿಗೆ ಬಿದ್ದ ಪುಡಿಯಂಥ ಸಣ್ಣ ಕಣ, ಬೇರೆ ಬೇರೆ ಆಕಾರದ್ದು, ಒಂದೇ ಕಡೆ ಗುಂಪು ಕೂತದ್ದು ಅಥವಾ ಸಾಲು ಹಿಡಿದದ್ದು ಆದರೆ ಮುಂದೆ ನೋಡಲೇಬೇಕು. "ಡಿಸ್ಟಾರ್ಶನ್" ಅಂದರೆ ಗಂಟು ಕಾಣದಿದ್ದರೂ ಒಳಗಿನ ನೇಯ್ಗೆ ಒಂದು ಕಡೆಗೆ ಎಳೆದುಕೊಂಡಿದೆ ಅಂತ. ಒಂದು ನೂಲು ಜಗ್ಗಿದರೆ ಬಟ್ಟೆ ಸುಕ್ಕುವುದಿಲ್ಲವಾ, ಹಾಗೆಯೇ.

ಮೂರನೆಯದು ಸಾಂದ್ರತೆ, ಎ ಬಿ ಸಿ ಡಿ ಅಂತ. ಸಿ, ಡಿ ಬಂದರೆ ಎದೆಯ ಒಳಗೆ ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು. ಫಿಲ್ಮಿನಲ್ಲಿ ಗ್ರಂಥಿಯೂ ಬಿಳಿ, ಗಂಟೂ ಬಿಳಿ. ಬಿಳಿ ಮಲ್ಲಿನ ಮೇಲೆ ಬಿಳಿ ನೂಲು ಹುಡುಕಿದ ಹಾಗೆ. ಅಂಥವರು ಜೊತೆಗೆ ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ.

ನಾಲ್ಕನೆಯದು ನಂಬರು. ಎಲ್ಲ ಗಲಾಟೆ ಆಗುವುದು ಇಲ್ಲಿ.

ನಂಬರು ಅಂದರೆ ಸ್ಟೇಜು ಅಲ್ಲ

ಕಾರ್ಕಳದ ಕಡೆ ಇರುವ ನನ್ನ ಓರಗಿತ್ತಿಗೆ "ಬೈರಾಡ್ಸ್ 4ಎ" ಅಂತ ಬಂತು. ಮೈದುನ ಅದನ್ನು ನಾಲ್ಕನೇ ಸ್ಟೇಜ್ ಅಂತ ಓದಿದರು. ಎರಡು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮುಂಬೈಯಿಂದ ಮಗ ಹೊರಟು ಬಂದ. "ನಾಲ್ಕನೇ ಸ್ಟೇಜಿಗೆ ಆಸ್ಪತ್ರೆಯಲ್ಲಿ ಎಂತ ಉಂಟು" ಅಂತ ಯಾರೋ ಹೇಳಿ, ಘಟ್ಟದ ಬುಡದಲ್ಲಿ ನಾಟಿ ಮದ್ದು ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಐದು ವಾರ ಕಷಾಯ ಕುಡಿದಳು, ಪಥ್ಯ ಮಾಡಿದಳು, ಆರು ಕೆಜಿ ಇಳಿದಳು. ನನಗೆ ಸುದ್ದಿ ಬಂದದ್ದು ಆಮೇಲೆ. ನಾನು ಹೋಗಿ ಕವರು ಬಿಚ್ಚಿಸಿ ನೋಡಿ, ಅವಳ ಕೈಹಿಡಿದು ಸೂಜಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಬಂದ ರಿಪೋರ್ಟು ಫೈಬ್ರೊಅಡೆನೋಮಾ, ಸಾದಾ ಗಂಟು. ಒಂದು ಅಂಕೆಯನ್ನು ತಪ್ಪು ಓದಿದ್ದಕ್ಕೆ ಇಷ್ಟೆಲ್ಲ.

ಬೈರಾಡ್ಸ್ ಅಂದರೆ ಅಮೆರಿಕದ ರೇಡಿಯಾಲಜಿ ಕಾಲೇಜು ಮಾಡಿಟ್ಟ ಅಂಕೆಯ ಕ್ರಮ. ಎಷ್ಟು ಸಂಶಯ ಉಂಟು, ಮುಂದೆ ಎಂತ ಮಾಡಬೇಕು ಅಂತ ಅದು ಹೇಳುತ್ತದೆ. ರೋಗ ಎಷ್ಟು ಹರಡಿದೆ ಅಂತ ಹೇಳುವುದು ಸ್ಟೇಜು, ಅದು ಕ್ಯಾನ್ಸರ್ ಅಂತ ಖಾತ್ರಿಯಾದ ಮೇಲಿನ ಮಾತು.

1, 2 ಬಂದರೆ ಮನೆಗೆ ಹೋಗಿ, ಮುಂದಿನ ಸಲದ ತಾರೀಕು ಬರೆದಿಡಿ. 0 ಬಂದರೆ ಸೊನ್ನೆ, ಅಂದರೆ ಎಂತದೂ ಇಲ್ಲ ಅಂತ ಖುಷಿಪಡುವವರಿದ್ದಾರೆ. ಅದು ತಪ್ಪು. ಸೊನ್ನೆ ಅಂದರೆ ತೀರ್ಮಾನ ಆಗಿಲ್ಲ, ಇನ್ನೂ ಚಿತ್ರ ಬೇಕು ಅಂತ. ಆ ಜಾಗವನ್ನು ಮಾತ್ರ ಸಣ್ಣ ಪ್ಲೇಟಿನಲ್ಲಿ ಒತ್ತಿ, ದೊಡ್ಡದು ಮಾಡಿ ತೆಗೆಯುತ್ತಾರೆ, ಅಲ್ಟ್ರಾಸೌಂಡ್ ಮಾಡುತ್ತಾರೆ. ಹಾಗೆ ವಾಪಸ್ ಕರೆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಹೋಗದೆ ಇದ್ದರೆ ನೀವು ಹೆಚ್ಚಿನವರಲ್ಲಿ ಒಬ್ಬರಾ ಅಲ್ಲವಾ ಅಂತ ಗೊತ್ತಾಗುವುದು ಹೇಗೆ?

3 ಅಂದರೆ ಹೆಚ್ಚು ಕಡಿಮೆ ಸಾದಾ, ಕ್ಯಾನ್ಸರ್ ಇರುವ ಸಾಧ್ಯತೆ ನೂರರಲ್ಲಿ 2ಕ್ಕಿಂತ ಹೆಚ್ಚಿಲ್ಲ. ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ನೋಡುತ್ತಾರೆ; ಬದಲಾಗದೆ ಉಳಿದರೆ ಬಿಟ್ಟುಬಿಡುತ್ತಾರೆ. 4 ಅಂದರೆ ಸಂಶಯ, ಸೂಜಿ ಬೇಕು. ಅದರಲ್ಲಿ 4ಎ ಆದರೆ ನೂರರಲ್ಲಿ 2ರಿಂದ 10, 4ಬಿ ಆದರೆ 10ರಿಂದ 50, 4ಸಿ ಆದರೆ 50ರಿಂದ 95. ಬರೀ 4 ಅಂತ ಬರೆದಿದ್ದರೆ ಎ, ಬಿ, ಸಿ ಯಾವುದು ಅಂತ ಕೇಳಿ, ಕೇಳಿದರೆ ಹೇಳುತ್ತಾರೆ. 5 ಅಂದರೆ ನೂರರಲ್ಲಿ 95 ಅಥವಾ ಮೇಲೆ. 6 ಬರುವುದು ಆಗಲೇ ಬಯಾಪ್ಸಿಯಲ್ಲಿ, ಅಂದರೆ ತುಂಡು ತೆಗೆದು ನೋಡುವ ಪರೀಕ್ಷೆಯಲ್ಲಿ, ಕ್ಯಾನ್ಸರ್ ಅಂತ ಖಾತ್ರಿಯಾದವರಿಗೆ.

4, 5 ಬಂದ ರಾತ್ರಿ ನಿದ್ದೆ ಬರುವುದಿಲ್ಲ, ಸಹಜ. ಆದರೆ ಇದು ಹಾರ್ಟ್ ಅಟ್ಯಾಕಿನ ಹಾಗೆ ಅದೇ ಗಳಿಗೆ ಓಡುವ ಕೆಲಸ ಅಲ್ಲ. ಎರಡು ವಾರದೊಳಗೆ ಸೂಜಿ ಆಗುವ ಹಾಗೆ ನೋಡಿಕೊಳ್ಳಿ. ಪರ್ಬ, ಕೋಲ, ಮದುವೆ ಅಂತ ಎರಡು ತಿಂಗಳು ಎಳೆಯುವುದು ಬೇಡ.

ನನ್ನ ತಪ್ಪು

ನನಗೆ 2019ರಲ್ಲಿ ಬಂದದ್ದು 3. ಎಡಗಡೆ ಸಣ್ಣ ಕಣಗಳ ಗುಂಪು, ಆರು ತಿಂಗಳಿಗೆ ಬನ್ನಿ ಅಂದಿದ್ದರು. ಆರು ತಿಂಗಳು ಅಂದರೆ 2020ರ ಏಪ್ರಿಲ್. ಲಾಕ್‌ಡೌನ್. ಅಷ್ಟರವರೆಗೆ ನನ್ನ ತಪ್ಪಿಲ್ಲ. ಆದರೆ ಬಸ್ಸು ಬಿಟ್ಟ ಮೇಲೆಯೂ ನಾನು ಹೋಗಲಿಲ್ಲ. ಮಾಸ್ಕ್ ಹೊಲಿಯುತ್ತಿದ್ದೆ. ದಿನಕ್ಕೆ ನೂರು, ನೂರೈವತ್ತು ಮಾಸ್ಕು, ಅಷ್ಟು ಕೆಲಸ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಅದು ಮುಗಿಯುವಾಗ ಮದುವೆ ಸೀಸನ್ನು. "ಸಾದಾ ಅಂತಲೇ ಹೇಳಿದ್ದಾರಲ್ಲ" ಅಂತ ಮನಸ್ಸಿಗೆ ಸಮಾಧಾನ. ಕೊನೆಗೆ 2021ರ ಫೆಬ್ರವರಿಯಲ್ಲಿ ಹೋದೆ, ಹದಿನಾರು ತಿಂಗಳಿಗೆ. ಕಣಗಳು ಹೆಚ್ಚಾಗಿದ್ದವು, ಸಾಲು ಹಿಡಿಯಲು ಶುರುವಾಗಿತ್ತು. 4ಬಿ.

ಈಗ ನಾನು ಮಾಡುವುದು ಸಣ್ಣ ಕೆಲಸ. ನನ್ನ ಜೊತೆ ಬಂದವರಿಗೆ 3 ಬಂದರೆ, ಆಸ್ಪತ್ರೆಯ ಗೇಟು ದಾಟುವ ಮೊದಲೇ ಆರು ತಿಂಗಳ ತಾರೀಕನ್ನು ಮೂರು ಕಡೆ ಬರೆಸುತ್ತೇನೆ: ಅವರ ಮನೆಯ ಕ್ಯಾಲೆಂಡರಿಗೆ ಅಂತ ಒಂದು ಚೀಟಿ, ಮಗಳ ಅಥವಾ ಸೊಸೆಯ ಮೊಬೈಲು, ನನ್ನ ಅಳತೆ ಪುಸ್ತಕದಲ್ಲಿ ಅವರ ಪುಟ. ರವಿಕೆ ಕೊಡಲು ಬಂದಾಗ ಪುಟ ತೆರೆಯುತ್ತೇನಲ್ಲ, ತಾರೀಕು ಕಣ್ಣಿಗೆ ಬೀಳುತ್ತದೆ.

ಸೂಜಿ

ಸೂಜಿಯಲ್ಲಿ ಎರಡು ಬಗೆ. ಎಫ್‌ಎನ್‌ಎಸಿ ಅಂದರೆ ಸಪೂರ ಸೂಜಿಯಲ್ಲಿ ಒಂದಿಷ್ಟು ಜೀವಕೋಶ ಎಳೆಯುವುದು. ಕೋರ್ ಬಯಾಪ್ಸಿ ಅಂದರೆ ಸ್ವಲ್ಪ ದಪ್ಪ ಸೂಜಿಯಲ್ಲಿ ನೂಲಿನ ತುಂಡಿನಷ್ಟು ಮಾಂಸ ತೆಗೆಯುವುದು. ಮ್ಯಾಮೋಗ್ರಾಂ ಸಂಶಯಕ್ಕೆ ಎರಡನೆಯದನ್ನೇ ಕೇಳಿ. ಕ್ಯಾನ್ಸರ್ ಹಾಲಿನ ನಾಳದ ಒಳಗೇ ಉಂಟಾ, ಗೋಡೆ ಒಡೆದು ಹೊರಗೆ ಬಂದಿದೆಯಾ ಅಂತ ಎಫ್‌ಎನ್‌ಎಸಿ ಹೇಳುವುದಿಲ್ಲ. ಮುಂದೆ ಹಾರ್ಮೋನ್ ಪರೀಕ್ಷೆಗೂ ಕೋರ್ ತುಂಡೇ ಬೇಕು.

"ಸೂಜಿ ಹಾಕಿದರೆ ಹರಡುತ್ತದೆ" ಅನ್ನುವ ಮಾತು ಕುಂದಾಪುರದಿಂದ ಸುಳ್ಯದವರೆಗೆ ಉಂಟು. ಸೂಜಿ ಪರೀಕ್ಷೆಯಿಂದ ಆಯುಷ್ಯ ಕಡಿಮೆ ಆಗುವುದಿಲ್ಲ. ಅದಕ್ಕಿಂತ ಹೆಚ್ಚು ನಷ್ಟ, ಪರೀಕ್ಷೆಯೇ ಇಲ್ಲದೆ "ಸಣ್ಣ ಗಂಟು, ತೆಗೆದುಬಿಡುವ" ಅಂತ ಕತ್ತರಿಸುವುದು. ನನ್ನ ಗಿರಾಕಿ ಒಬ್ಬರಿಗೆ ಒಂದು ಕಡೆ ಹಾಗೆಯೇ ಮಾಡಿದರು. ಆಮೇಲೆ ಅದು ಕ್ಯಾನ್ಸರ್ ಅಂತ ಗೊತ್ತಾಗಿ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಅಂತ ಎರಡನೇ ಸಲ ಆಪರೇಷನ್ ಆಯಿತು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವ ಟೈಲರನ್ನು ನೀವು ಬಿಡುತ್ತೀರಾ?

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಕಣಗಳು ಮ್ಯಾಮೋಗ್ರಾಮಿನಲ್ಲಿ ಕಂಡು ಅಲ್ಟ್ರಾಸೌಂಡಿನಲ್ಲಿ ಕಾಣದೆ ಇರಬಹುದು. ಸ್ಕ್ಯಾನಿಂಗ್ ಕ್ಲಿಯರ್ ಬಂತು ಅಂತ ಮ್ಯಾಮೋಗ್ರಾಮಿನ 4 ಹೋಗುವುದಿಲ್ಲ. ನನ್ನದೂ ಹಾಗೆಯೇ, ಅಲ್ಟ್ರಾಸೌಂಡಿನಲ್ಲಿ ಎಂತದೂ ಇಲ್ಲ. ಅಂಥದ್ದಕ್ಕೆ ಮ್ಯಾಮೋಗ್ರಾಂ ಯಂತ್ರವೇ ಜಾಗ ತೋರಿಸಿ ಸೂಜಿ ಹಾಕುವ ಕ್ರಮ ಉಂಟು, ಸ್ಟೀರಿಯೋಟ್ಯಾಕ್ಟಿಕ್ ಅಂತ. ಎಲ್ಲ ಕಡೆ ಆ ಯಂತ್ರ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಜಾಗ ಮರಗಟ್ಟಿಸುತ್ತಾರೆ. ಮರಗಟ್ಟುವ ಇಂಜೆಕ್ಷನ್ ಉರಿಯುತ್ತದೆ, ಆಮೇಲೆ ಒತ್ತುವುದು ಗೊತ್ತಾಗುತ್ತದೆ, ಟಿಕ್ ಅಂತ ಶಬ್ದ ಕೇಳುತ್ತದೆ, ಅಷ್ಟೆ. ತೆಗೆದ ತುಂಡುಗಳನ್ನೂ ಒಮ್ಮೆ ಎಕ್ಸ್‌ರೇ ಮಾಡಿ ಕಣ ಅದರಲ್ಲಿ ಬಂದಿದೆಯಾ ನೋಡುತ್ತಾರೆ. ಆ ಜಾಗದಲ್ಲಿ ಎಳ್ಳಿಗಿಂತ ಸಣ್ಣ ಲೋಹದ ಕ್ಲಿಪ್ ಬಿಡುತ್ತಾರೆ, ಗುರುತಿಗೆ.

ಹೋಗುವ ಮೊದಲು ಆಸ್ಪಿರಿನ್, ಕ್ಲೊಪಿಡೋಗ್ರೆಲ್, ರಕ್ತ ತೆಳು ಮಾಡುವ ಬೇರೆ ಯಾವುದೇ ಮಾತ್ರೆ ಇದ್ದರೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಮುಗಿದ ಮೇಲೆ ಹತ್ತು ನಿಮಿಷ ಗಟ್ಟಿ ಒತ್ತಿ ಹಿಡಿಯುತ್ತಾರೆ. ಹೊಲಿಗೆ ಇಲ್ಲ. ನೀಲಿ ಕಟ್ಟಿದರೆ ಐಸು, ನೋವಿಗೆ ಪ್ಯಾರಾಸಿಟಮಾಲ್. ಎರಡು ದಿವಸ ಕೊಡಪಾನ ಎತ್ತಬೇಡಿ, ಬಾವಿಯಿಂದ ನೀರು ಸೇದಬೇಡಿ.

ಕೆಲವು ಸಣ್ಣ ಕಡೆಗಳಲ್ಲಿ ತುಂಡು ಇರುವ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಆಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ: ತುಂಡು ಪೂರ್ತಿ ಮುಳುಗಿರಬೇಕು, ದ್ರವ ಫಾರ್ಮಲಿನ್ ಆಗಿರಬೇಕು, ನೀರೋ ಸಲೈನೋ ಅಲ್ಲ. ಮೂಗಿಗೆ ಹೊಡೆಯುವ ವಾಸನೆ ಉಂಟು, ಮುಚ್ಚಳ ತೆಗೆದು ಮೂಸಬೇಡಿ, ಕೇಳಿದರೆ ಸಾಕು. ಲೇಬಲಿನಲ್ಲಿ ಹೆಸರು, ಬಲವೋ ಎಡವೋ, ತೆಗೆದ ಗಂಟೆ ಇರಲಿ. ಅದೇ ದಿನ ತಲುಪಿಸಿ, ಬಸ್ಸಿನಲ್ಲಿ ಬಿಸಿಲಿನ ಬದಿಯ ಸೀಟು ಬೇಡ.

ತಾಳೆ ಆಗುತ್ತದಾ?

ಬಯಾಪ್ಸಿ ರಿಪೋರ್ಟು ಬಂದ ದಿನ ಡಾಕ್ಟರರಿಗೆ ಕೇಳಬೇಕಾದ ಒಂದೇ ಪ್ರಶ್ನೆ ಇದ್ದರೆ ಇದು: "ಫಿಲ್ಮಿನಲ್ಲಿ ಕಂಡದ್ದಕ್ಕೂ ಈ ರಿಪೋರ್ಟಿಗೂ ತಾಳೆ ಆಗುತ್ತದಾ?" ಫಿಲ್ಮು 5 ಅನ್ನುತ್ತದೆ, ಬಯಾಪ್ಸಿ "ಸಾದಾ ಕೊಬ್ಬು" ಅನ್ನುತ್ತದೆ ಅಂತಾದರೆ ಸಿಹಿ ಹಂಚಬೇಡಿ. ಸೂಜಿ ಪಕ್ಕಕ್ಕೆ ಹೋಗಿರಬಹುದು. ಮತ್ತೊಮ್ಮೆ ತೆಗೆಯಬೇಕು. ಇದು ಡಾಕ್ಟರರ ಮೇಲಿನ ಅಪನಂಬಿಕೆ ಅಲ್ಲ, ಒಳ್ಳೆಯ ಕಡೆಗಳಲ್ಲಿ ಅವರೇ ಕೂತು ತಾಳೆ ನೋಡುತ್ತಾರೆ. "ಎಟಿಪಿಕಲ್" ಅನ್ನುವ ಮಾತು ಇದ್ದರೆ ಅದು ಕ್ಯಾನ್ಸರಲ್ಲ, ಆದರೆ ಬಿಡುವಂಥದ್ದೂ ಅಲ್ಲ. ಸಾಮಾನ್ಯವಾಗಿ ಆ ಜಾಗವನ್ನು ತೆಗೆದು ಪೂರ್ತಿ ನೋಡುತ್ತಾರೆ. ಸಾದಾ ಅಂತ ಬಂದು ತಾಳೆಯೂ ಆದರೆ, ಮುಂದಿನ ಚಿತ್ರ ಯಾವಾಗ ಅಂತ ಕೇಳಿಕೊಂಡೇ ಏಳಿ.

ಕ್ಯಾನ್ಸರ್ ಅಂತ ಬಂದರೆ ಇಆರ್, ಪಿಆರ್ (ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರಾ ಅಂತ), ಹರ್2 (ಆ ಹೆಸರಿನ ಪ್ರೋಟೀನು ಹೆಚ್ಚುಂಟಾ ಅಂತ) ಅನ್ನುವ ಮೂರು ಪರೀಕ್ಷೆ ಅದೇ ತುಂಡಿನಲ್ಲಿ ಆಗಬೇಕು. ಹರ್2 "2+" ಬಂದರೆ ಹೌದೂ ಅಲ್ಲ ಅಲ್ಲವೂ ಅಲ್ಲ, ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಮಾಡಿಸುತ್ತಾರೆ. ನಮ್ಮ ಬಂಗುಡೆ ಬೂತಾಯಿಗೂ ಇದಕ್ಕೂ ಸಂಬಂಧ ಇಲ್ಲ, ಒಬ್ಬರು ಬಾಯಮ್ಮ ಮೀನು ಬಿಡಬೇಕಾ ಅಂತ ನಿಜವಾಗಿ ಕೇಳಿದ್ದರು. ಬೇರೆ ಆಸ್ಪತ್ರೆಗೆ ಹೋಗುವುದಿದ್ದರೆ ಮೇಣದ ಬ್ಲಾಕು ಮತ್ತು ಸ್ಲೈಡು ಕೇಳಿ ಪಡೆಯಿರಿ. ಅದು ನಿಮ್ಮದು. ಫಿಲ್ಮಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಉಪಯೋಗ ಇಲ್ಲ, ಸಿಡಿಯೇ ಬೇಕು.

ದುಡ್ಡಿನ ಬಗ್ಗೆ ಚುಟುಕಾಗಿ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ನೂರಕ್ಕೆ 30ರಷ್ಟು, 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ನಮ್ಮವರಿಗೆ ಅಜ್ಜರಕಾಡು, ಮಂಗಳೂರಿನವರಿಗೆ ವೆನ್ಲಾಕ್. ದುಡ್ಡು ಕಟ್ಟುವ ಮೊದಲೇ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರ ಮೇಜು ಎಲ್ಲುಂಟು ಅಂತ ಹುಡುಕಿ.

ನನ್ನದು ನಾಳದೊಳಗೇ ಉಳಿದ ಕ್ಯಾನ್ಸರ್, ಡಿಸಿಐಎಸ್ ಅನ್ನುತ್ತಾರೆ. ಆಪರೇಷನ್ ದಿನ ಬೆಳಿಗ್ಗೆ ಮತ್ತೆ ಮ್ಯಾಮೋಗ್ರಾಮಿನಲ್ಲಿ ನೋಡಿಕೊಂಡು ಆ ಜಾಗಕ್ಕೆ ಒಂದು ಸಪೂರ ತಂತಿ ಇಳಿಸಿ, ತುದಿಯನ್ನು ಹೊರಗೆ ಟೇಪು ಹಾಕಿ ಬಿಟ್ಟರು. ಕೈಗೆ ಸಿಗದ ಗಂಟನ್ನು ಸರ್ಜನ್ ಕಂಡುಹಿಡಿಯುವುದು ಆ ತಂತಿ ಹಿಡಿದು. ವ್ಹೀಲ್‌ಚೇರಿನಲ್ಲಿ ಕೂತು ಎದೆಯಿಂದ ಹೊರಟ ಆ ತಂತಿ ನೋಡುವಾಗ ನನಗೆ ಕಚ್ಚಾ ಹೊಲಿಗೆಯ ದಾರ ನೆನಪಾಗಿ ನಗು ಬಂತು. ಪಕ್ಕದಲ್ಲಿದ್ದ ಸಿಸ್ಟರ್ ಹೆದರಿದರು ಪಾಪ.

ಆಮೇಲೆ ಮೂರು ವಾರ, ವಾರಕ್ಕೆ ಐದು ದಿವಸ ರೇಡಿಯೇಶನ್. ಆ ದಿನಗಳ ಬಟ್ಟೆಯ ಬಗ್ಗೆ ಯಾರೂ ಹೇಳುವುದಿಲ್ಲ, ಅದು ನನ್ನ ಕಸುಬು. ಹಳೇ ಮಲ್ ಬಟ್ಟೆಯ ರವಿಕೆ ಹೊಲಿಸಿಕೊಳ್ಳಿ, ಮುಂದೆ ಹುಕ್ಕು, ಲೈನಿಂಗ್ ಬೇಡ, ಗಂಜಿ ಹಾಕಬೇಡಿ. ಕಂಕುಳಿನ ಜೋಡಣೆಯ ಹೊಲಿಗೆ ಒಳಗೆ ಉಜ್ಜದ ಹಾಗೆ ಹೊರಗೆ ತಿರುಗಿಸಿ ಹೊಲಿಯಲು ಹೇಳಿ, ಟೈಲರು ಮುಖ ನೋಡಿದರೂ ಪರವಾಗಿಲ್ಲ. ಮೈಮೇಲೆ ಹಾಕಿದ ಗುರುತನ್ನು ತಿಕ್ಕಿ ತೊಳೆಯಬೇಡಿ, ಬಣ್ಣ ಬಟ್ಟೆಗೆ ಹತ್ತುತ್ತದೆ, ಹಾಗಾಗಿ ಗಾಢ ಬಣ್ಣದ ಬಟ್ಟೆಯೇ ಒಳ್ಳೆಯದು. ಕಂಕುಳಿನ ಗಡ್ಡೆ ತೆಗೆದಿದ್ದರೆ ಆ ಬದಿಯ ತೋಳಿನ ಸುತ್ತಳತೆ ಮಾಮೂಲಿಗಿಂತ ಒಂದಿಂಚು ಹೆಚ್ಚಿಗೆ ಇಡಿಸಿ. ಎರಡು ರವಿಕೆ ಸಾಕು, ಒಂದು ಒಗೆದು ಒಂದು ಹಾಕಿಕೊಳ್ಳಲು.